ಟೀ ಶರ್ಟ್ ಮುದ್ರಣಕ್ಕೆ ಮುನ್ನ: ನೈಜ ಮಾದರಿ ಚಿತ್ರ ಸಿದ್ಧಪಡಿಸುವ ಕ್ರಮ

ಗ್ರಾಮ ಪಂಚಾಯತಿ ಸದಸ್ಯರ ಕಲಿಕಾ ಪಾಠ



ಸ್ವಚ್ಛವಾಹಿನಿ ನಡೆಸುವ ಮಹಿಳೆಯರಿಗೆ, ಗ್ರಂಥಾಲಯದ ಬೇಸಿಗೆ ಶಿಬಿರದ ಮಕ್ಕಳಿಗೆ, ಶ್ರಮದಾನದ ಸ್ವಯಂಸೇವಕರಿಗೆ ಟೀ ಶರ್ಟ್ ಮುದ್ರಿಸುವ ವಿಷಯ ಇತ್ತೀಚೆಗೆ ಹಲವು ಗ್ರಾಮ ಪಂಚಾಯತಿಗಳ ಸಭೆಗಳಲ್ಲಿ ಚರ್ಚೆಗೆ ಬರುತ್ತಿದೆ. ಸಂಜೀವಿನಿ ಒಕ್ಕೂಟದ ಹೊಲಿಗೆ ಘಟಕಗಳೂ ಇಂತಹ ಕೆಲಸಕ್ಕೆ ಮುಂದೆ ಬರುತ್ತಿವೆ. ಮೊತ್ತ ದೊಡ್ಡದಲ್ಲದಿದ್ದರೂ ಅದು ಸಾರ್ವಜನಿಕ ಹಣ. ಒಮ್ಮೆ ಮುದ್ರಿಸಿದ ಬಟ್ಟೆಯನ್ನು ಅಳಿಸಿ ತಿದ್ದಲು ಬರುವುದಿಲ್ಲ. ಆದುದರಿಂದ ಮುದ್ರಣಕ್ಕೆ ಮುನ್ನವೇ ಬಟ್ಟೆ ಮೈಮೇಲೆ ಹೇಗೆ ಕಾಣುವುದೆಂದು ತೋರಿಸುವ ಮಾದರಿ ಚಿತ್ರವನ್ನು ಸಿದ್ಧಪಡಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಇದರ ಅಗತ್ಯ ನನಗೆ ಮನವರಿಕೆಯಾದದ್ದು ನನ್ನದೇ ತಪ್ಪಿನಿಂದ. ಹಿಂದೆ ನಾನು ಕಾರ್ಯನಿರ್ವಹಿಸಿದ ಗ್ರಾಮ ಪಂಚಾಯತಿಯೊಂದರಲ್ಲಿ ಸ್ವಚ್ಛತಾ ಸಿಬ್ಬಂದಿಯ ಟೀ ಶರ್ಟಿಗೆ ವಿನ್ಯಾಸ ಮಾಡಿಸಿ, ಬಿಳಿ ಹಾಳೆಯ ಮೇಲೆ ಅಚ್ಚು ಹಾಕಿ ಸಭೆಯ ಮುಂದಿಟ್ಟೆ. ಸಭೆ ಒಪ್ಪಿತು. ಸರಬರಾಜಾದ ಬಟ್ಟೆ ಕಡುಹಸಿರು, ಅಕ್ಷರಗಳು ಕಡುನೀಲಿ. ಹತ್ತು ಅಡಿ ದೂರದಿಂದ ಒಂದು ಪದವೂ ಕಾಣಲಿಲ್ಲ. ಹತ್ತಿರ ಹೋಗಿ ನೋಡಿದರೆ ‘ಸ್ವಚ್ಛ’ ಎಂಬ ಪದದ ಒತ್ತಕ್ಷರಗಳು ಬೇರ್ಪಟ್ಟು ಪಕ್ಕಕ್ಕೆ ಸರಿದಿದ್ದವು. ಮುದ್ರಕರು ತಮಗೆ ಕೊಟ್ಟದ್ದನ್ನೇ ಮುದ್ರಿಸಿದ್ದರು. ಹಿರಿಯ ಸದಸ್ಯೆಯೊಬ್ಬರು, “ಸರ, ಮೈಮ್ಯಾಲ ಹಾಕ್ಕೊಂಡ್ರ ಹ್ಯಾಂಗ ಕಾಣ್ತದಂತ ಮೊದಲೇ ಯಾಕ ತೋರಸಲಿಲ್ಲ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರವೇ ಈ ಪಾಠ.

1. ಮಾದರಿ ಚಿತ್ರ ಎಂದರೇನು?

ಬರಿಯ ಟೀ ಶರ್ಟಿನ ಫೋಟೊ ಒಂದರ ಮೇಲೆ ನಮ್ಮ ವಿನ್ಯಾಸವನ್ನು ಗಣಕಯಂತ್ರದಲ್ಲಿ ಕೂರಿಸಿ, ಬಟ್ಟೆಯ ನೆರಿಗೆ, ನೆರಳು, ಬಣ್ಣಗಳಿಗೆ ಅದು ಹೊಂದುವಂತೆ ಮಾಡಿದ ಚಿತ್ರವೇ ಮಾದರಿ ಚಿತ್ರ. ಮುದ್ರಕರು ಇದನ್ನು ಮಾಕಪ್ ಎನ್ನುತ್ತಾರೆ. ಇದು ಅಲಂಕಾರಕ್ಕಾಗಿ ಮಾಡುವ ಚಿತ್ರವಲ್ಲ. ಕೊಳ್ಳುವ ಪಂಚಾಯತಿಗೂ ಮುದ್ರಿಸುವವರಿಗೂ ನಡುವಿನ ಒಪ್ಪಂದದ ಒಂದು ಭಾಗ. ಆದ್ದರಿಂದ ಅದು ಅಂದವಾಗಿರುವುದಕ್ಕಿಂತ ನಿಜವಾಗಿರುವುದು ಮುಖ್ಯ.

2. ಬೇಕಾಗುವ ಸಾಮಗ್ರಿ

ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಫೋಟೊಶಾಪ್ ಹೆಸರುವಾಸಿ; ಅದಕ್ಕೆ ಶುಲ್ಕ ತೆರಬೇಕು. ಜಿಂಪ್ ಎಂಬುದು ಉಚಿತ ಹಾಗೂ ಮುಕ್ತ ತಂತ್ರಾಂಶ. 1995ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಈ ಯೋಜನೆಯನ್ನು ಇಂದು ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ಗ್ರಾಮ ಪಂಚಾಯತಿ ಕಚೇರಿಯ ಅಥವಾ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಇದನ್ನು ಅಳವಡಿಸಬಹುದು. ಇದಲ್ಲದೆ ಒಂದು ಮೊಬೈಲ್ ಕ್ಯಾಮೆರಾ, ಒಂದು ಅಳತೆ ಟೇಪು ಹಾಗೂ ಸರಬರಾಜಾಗಲಿರುವ ಬಟ್ಟೆಯದೇ ಒಂದು ಬರಿಯ ಟೀ ಶರ್ಟ್ ಸಾಕು.

3. ಫೋಟೊ ತೆಗೆಯುವ ಬಗೆ

ಅಂತರ್ಜಾಲದಲ್ಲಿ ದೊರೆಯುವ ಟೀ ಶರ್ಟ್ ಫೋಟೊಗಳನ್ನು ಬಳಸಬಾರದು. ಅವು ಬೇರೆ ಬಟ್ಟೆಯವು, ಬೇರೆ ಬಣ್ಣದವು. ಅವುಗಳಿಗೆ ಹಕ್ಕುದಾರರೂ ಇರುತ್ತಾರೆ. ಮುದ್ರಕರಿಂದ ಒಂದು ಬರಿಯ ಟೀ ಶರ್ಟ್ ತರಿಸಿ, ಅದನ್ನು ತೊಡಲಿರುವವರಲ್ಲಿಯೇ ಒಬ್ಬರಿಗೆ, ಅವರ ಒಪ್ಪಿಗೆ ಪಡೆದು, ತೊಡಿಸಿ ಫೋಟೊ ತೆಗೆಯಬೇಕು. ನಡುಹಗಲಿನ ನೇರ ಬಿಸಿಲಿನಲ್ಲಿ ನೆರಳು ಗಡುಸಾಗಿ ಬಣ್ಣ ಬಿಳುಚಿಕೊಳ್ಳುತ್ತದೆ. ಕಚೇರಿಯ ಪಡಸಾಲೆಯಲ್ಲಿ, ಬೆಳಕು ಒಂದು ಬದಿಯಿಂದ ಬೀಳುವಂತೆ ನಿಲ್ಲಿಸಿದರೆ ನೆರಿಗೆಗಳು ಸ್ಪಷ್ಟವಾಗಿ ಮೂಡುತ್ತವೆ. ಕ್ಯಾಮೆರಾ ಎದೆಯ ಮಟ್ಟದಲ್ಲಿರಬೇಕು. ಮೇಲಿನಿಂದ ತೆಗೆದ ಫೋಟೊದಲ್ಲಿ ಅಳತೆ ತಪ್ಪುತ್ತದೆ.

4. ಅಳತೆ

ಮಾದರಿ ಚಿತ್ರಗಳಲ್ಲಿ ಹೆಚ್ಚಾಗಿ ಸುಳ್ಳಾಗುವುದು ಅಳತೆಯೇ. ಲೆಕ್ಕ ಸರಳ. ಟೀ ಶರ್ಟಿನ ಎದೆಯ ಅಗಲ 20 ಅಂಗುಲವಿದ್ದು, ಫೋಟೊದಲ್ಲಿ ಅದೇ ಅಗಲ 1000 ಪಿಕ್ಸೆಲ್ ಇದ್ದರೆ, ಒಂದು ಅಂಗುಲಕ್ಕೆ 50 ಪಿಕ್ಸೆಲ್ ಆಯಿತು. ಮುದ್ರಣದ ಅಗಲ 10 ಅಂಗುಲವೆಂದು ನಿಶ್ಚಯಿಸಿದ್ದರೆ ಚಿತ್ರದಲ್ಲಿ ವಿನ್ಯಾಸ 500 ಪಿಕ್ಸೆಲ್ ಅಗಲವಿರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕೊರಳಪಟ್ಟಿಯಿಂದ ಎಷ್ಟು ಅಂಗುಲ ಕೆಳಗೆ ಮುದ್ರಣ ಆರಂಭವಾಗಬೇಕೆಂಬುದನ್ನೂ ಇದೇ ಲೆಕ್ಕದಿಂದ ಗುರುತಿಸಬೇಕು. ಮಕ್ಕಳ ಅಳತೆಯ ಟೀ ಶರ್ಟಿಗೆ ಪ್ರತ್ಯೇಕ ಮಾದರಿ ಅಗತ್ಯ. ದೊಡ್ಡವರಿಗೆ ಸರಿಹೊಂದುವ ವಿನ್ಯಾಸ ಮಗುವಿನ ಎದೆಯಲ್ಲಿ ತೋಳಿನವರೆಗೂ ಹರಡುತ್ತದೆ.

ಮುದ್ರಕರಿಗೆ ಕೊಡುವ ಮೂಲ ವಿನ್ಯಾಸದ ಕಡತ ಬೇರೆ. ಅದು ಅಂಗುಲಕ್ಕೆ 300 ಪಿಕ್ಸೆಲ್‌ನಂತೆ, ಅಂದರೆ 10 ಅಂಗುಲಕ್ಕೆ 3000 ಪಿಕ್ಸೆಲ್ ಅಗಲವಿದ್ದರೆ ಅಂಚುಗಳು ಒಡೆಯದೆ ಮುದ್ರಣವಾಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದ ವಿನ್ಯಾಸ ಕುಗ್ಗಿರುತ್ತದೆ. ಅದನ್ನು ಡಾಕ್ಯುಮೆಂಟ್ ಆಗಿ ಅಥವಾ ಇ-ಮೇಲ್ ಮೂಲಕ ಕಳುಹಿಸಬೇಕು.

5. ಜಿಂಪ್‌ನಲ್ಲಿ ಅನುಸರಿಸಬೇಕಾದ ಹಂತಗಳು

ಅ) ಟೀ ಶರ್ಟಿನ ಫೋಟೊ ತೆರೆಯಿರಿ. ಬಳಿಕ ಫೈಲ್ ಪಟ್ಟಿಯ ‘ಓಪನ್ ಆ್ಯಸ್ ಲೇಯರ್ಸ್’ ಮೂಲಕ ವಿನ್ಯಾಸವನ್ನು ತನ್ನಿ. ಲೇಯರ್ ಎಂದರೆ ಪದರ. ಫೋಟೊದ ಮೇಲೆ ಪಾರದರ್ಶಕ ಹಾಳೆ ಹಾಸಿದಂತೆ. ವಿನ್ಯಾಸದ ಹಿನ್ನೆಲೆ ಪಾರದರ್ಶಕವಾಗಿರಬೇಕು; ಪಿ.ಎನ್.ಜಿ. ಕಡತದಲ್ಲಿ ಇದು ಸಾಧ್ಯ, ಜೆಪೆಗ್‌ನಲ್ಲಿ ಸಾಧ್ಯವಿಲ್ಲ.

ಆ) ‘ಸ್ಕೇಲ್’ ಉಪಕರಣದಿಂದ ಮೇಲೆ ಹೇಳಿದ ಲೆಕ್ಕದಂತೆ ಅಳತೆಗೆ ತಂದು ಸ್ಥಾನದಲ್ಲಿ ಕೂರಿಸಿ. ದೇಹ ತುಸು ವಾಲಿದ್ದರೆ ವಿನ್ಯಾಸವನ್ನೂ ಅಷ್ಟೇ ತಿರುಗಿಸಿ.

ಇ) ಬಟ್ಟೆ ತಿಳಿಬಣ್ಣದ್ದಾಗಿದ್ದರೆ ವಿನ್ಯಾಸದ ಪದರದ ವಿಧಾನವನ್ನು ‘ಮಲ್ಟಿಪ್ಲೈ’ ಎಂದು ಬದಲಿಸಿ. ಇದು ಹೆಸರಿಗೆ ತಕ್ಕಂತೆ ಗುಣಾಕಾರ: ಎರಡು ಪದರಗಳ ಬಣ್ಣದ ಬೆಲೆಗಳನ್ನು ಗುಣಿಸಿ 255ರಿಂದ ಭಾಗಿಸುತ್ತದೆ. ಹೀಗಾಗಿ ಬಟ್ಟೆಯ ನೆರಳು ಬಿದ್ದಲ್ಲಿ ವಿನ್ಯಾಸವೂ ಕಪ್ಪಾಗುತ್ತದೆ. ವಿನ್ಯಾಸದ ಬಿಳಿಯ ಭಾಗ ಮಾತ್ರ ಮಾಯವಾಗಿ ಬಟ್ಟೆಯ ಬಣ್ಣವೇ ಕಾಣುತ್ತದೆ ಎಂಬುದನ್ನು ಮರೆಯಬಾರದು.

ಈ) ಬಟ್ಟೆ ಗಾಢಬಣ್ಣದ್ದಾಗಿದ್ದರೆ ಈ ವಿಧಾನ ಸಲ್ಲದು, ಹಳದಿ ಅಕ್ಷರವೂ ಕಪ್ಪಾಗಿಬಿಡುತ್ತದೆ. ಅಲ್ಲಿ ‘ನಾರ್ಮಲ್’ ವಿಧಾನವನ್ನೇ ಇರಿಸಿ, ದಟ್ಟತೆಯನ್ನು ಶೇ. 90ರ ಆಸುಪಾಸಿಗೆ ಇಳಿಸಿ.

ಉ) ನೆರಿಗೆಗೆ ಹೊಂದಿಸಲು ಟೀ ಶರ್ಟಿನ ಪದರದ ಒಂದು ಪ್ರತಿ ಮಾಡಿ, ‘ಡಿಸ್ಯಾಚುರೇಟ್’ ಮೂಲಕ ಬೂದುಬಣ್ಣಕ್ಕೆ ತಂದು, ‘ಗಾಸಿಯನ್ ಬ್ಲರ್’ನಿಂದ ತುಸು ಮಸುಕುಗೊಳಿಸಿ. ವಿನ್ಯಾಸದ ಪದರವನ್ನು ‘ಲೇಯರ್ ಟು ಇಮೇಜ್ ಸೈಜ್’ ಮೂಲಕ ಫೋಟೊದ ಅಳತೆಗೆ ಹಿಗ್ಗಿಸಿ. ಬಳಿಕ ಫಿಲ್ಟರ್ಸ್ ಪಟ್ಟಿಯ ‘ಮ್ಯಾಪ್’ ವಿಭಾಗದಲ್ಲಿ ‘ಡಿಸ್‌ಪ್ಲೇಸ್’ ಆರಿಸಿ, ಆ ಬೂದು ಪದರವನ್ನು ನಕ್ಷೆಯಾಗಿ ತೋರಿಸಿ, 5ರಿಂದ 10ರಷ್ಟು ಸಣ್ಣ ಬೆಲೆ ನೀಡಿ. ನಡುಬೂದು ಇದ್ದಲ್ಲಿ ವಿನ್ಯಾಸ ಕದಲುವುದಿಲ್ಲ. ಬೆಳಕಿದ್ದಲ್ಲಿ ಒಂದು ಕಡೆಗೆ, ಕತ್ತಲಿದ್ದಲ್ಲಿ ಇನ್ನೊಂದು ಕಡೆಗೆ ಸರಿಯುತ್ತದೆ. ಅಕ್ಷರದ ಗೆರೆ ನೆರಿಗೆಯೊಂದಿಗೆ ಬಾಗುತ್ತದೆ. ಕೆಲಸ ಮುಗಿದ ಮೇಲೆ ಬೂದು ಪದರವನ್ನು ಮರೆಮಾಡಿ.

ಊ) ಮೂಲವನ್ನು ಎಕ್ಸ್.ಸಿ.ಎಫ್. ಕಡತವಾಗಿ ಉಳಿಸಿ; ಪದರಗಳು ಹಾಗೆಯೇ ಉಳಿಯುತ್ತವೆ. ಸಭೆಗೆ ತೋರಿಸಲು ‘ಎಕ್ಸ್‌ಪೋರ್ಟ್ ಆ್ಯಸ್’ ಮೂಲಕ ಪ್ರತಿ ತೆಗೆಯಿರಿ.

6. ಕನ್ನಡ ಅಕ್ಷರಗಳ ಎಚ್ಚರಿಕೆ

ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ, ಆ ಶೈಲಿಯಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಯೂನಿಕೋಡ್ ಪಠ್ಯವನ್ನು ಸಹ ಕೆಲವು ಹಳೆಯ ವಿನ್ಯಾಸ ತಂತ್ರಾಂಶಗಳು ಒತ್ತಕ್ಷರ ಕೂಡಿಸದೆ ಬಿಡಿಸಿ ತೋರಿಸುತ್ತವೆ. ಆದ್ದರಿಂದ ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಯೂನಿಕೋಡ್ ಶೈಲಿಯಲ್ಲಿ ಜಿಂಪ್‌ನಲ್ಲಿಯೇ ಬರೆದು, ಓದಿ ಪರಿಶೀಲಿಸಿ, ಮುದ್ರಕರಿಗೆ ಪಠ್ಯವಾಗಿ ಕೊಡದೆ ಚಿತ್ರವಾಗಿಯೇ ಕೊಡಬೇಕು. ಊರಿನ ಹೆಸರು, ಘೋಷವಾಕ್ಯ, ಒತ್ತು, ದೀರ್ಘಗಳನ್ನು ಇಬ್ಬರು ಸದಸ್ಯರು ಗಟ್ಟಿಯಾಗಿ ಓದಿ ಒಪ್ಪಬೇಕು.

7. ಮುದ್ರಣ ವಿಧಾನಕ್ಕೆ ತಕ್ಕ ಮಾದರಿ

ಗಣಕಯಂತ್ರ ತೋರಿಸುವುದೆಲ್ಲವೂ ಬಟ್ಟೆಯ ಮೇಲೆ ಮೂಡುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಪ್ರತ್ಯೇಕ ಪರದೆ ಬೇಕು. ಬಣ್ಣ ಹೆಚ್ಚಿದಂತೆ ವೆಚ್ಚವೂ ಹೆಚ್ಚುತ್ತದೆ. ಗಾಢಬಣ್ಣದ ಬಟ್ಟೆಯಾದರೆ ತಿಳಿಬಣ್ಣಗಳ ಅಡಿಯಲ್ಲಿ ಬಿಳಿಯ ತಳಪದರವೂ ಸಾಮಾನ್ಯವಾಗಿ ಬೇಕಾಗುತ್ತದೆ. ಸಬ್ಲಿಮೇಶನ್ ವಿಧಾನ ತಿಳಿಬಣ್ಣದ ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ ಸರಿ; ಹತ್ತಿಯ ಮೇಲೆ ಆ ಬಣ್ಣ ಒಗೆತಕ್ಕೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಬಿಸಿಲಿನಲ್ಲಿ ದುಡಿಯುವವರಿಗೆ ಹತ್ತಿಯೇ ಹಿತ. ಹತ್ತಿ ಬೆಳೆಯುವ ಶಹಾಪುರ, ಸುರಪುರದವರಿಗೆ ಇದನ್ನು ಹೇಳಬೇಕಾಗಿಲ್ಲ.

ಉದಾಹರಣೆಗೆ, ಗ್ರಂಥಾಲಯದ ಮಕ್ಕಳ ಟೀ ಶರ್ಟಿಗೆ ಶಹಾಪುರದ ಬುದ್ಧ ಮಲಗಿದ ಬೆಟ್ಟದ ಹೊರರೇಖೆಯನ್ನು ನಾವೇ ತೆಗೆದ ಫೋಟೊದಿಂದ ಬರೆದುಕೊಂಡರೆ ಒಂದೇ ಬಣ್ಣ, ಒಂದೇ ಪರದೆ ಸಾಕು. ದೂರದಿಂದಲೂ ಗುರುತು ಸಿಗುತ್ತದೆ. ಸುರಪುರ ಶೈಲಿಯ ಕಿರುಚಿತ್ರವನ್ನು ಹಾಗೆಯೇ ಮುದ್ರಿಸ ಹೊರಟರೆ, ಅದರ ಸೂಕ್ಷ್ಮ ಗೆರೆ, ಹಲವು ಬಣ್ಣಗಳು ಪರದೆಯಲ್ಲಿ ಕಲೆಸಿಹೋಗುತ್ತವೆ. ಮಾದರಿ ಚಿತ್ರದಲ್ಲಿ ಮಾತ್ರ ಅದು ಸೊಗಸಾಗಿ ಕಂಡೀತು. ಮುದ್ರಣದಲ್ಲಿ ಬಾರದ್ದನ್ನು ತೋರಿಸುವ ಮಾದರಿ, ಸಭೆಗೆ ತಪ್ಪು ಮಾಹಿತಿ ನೀಡಿದಂತೆಯೇ ಸರಿ.

8. ವಿನ್ಯಾಸದಲ್ಲಿ ಇರಬಾರದ್ದು

ಸಿಂಹಶೀರ್ಷದ ರಾಷ್ಟ್ರ ಲಾಂಛನದ ಬಳಕೆಯನ್ನು 2005ರ ಕಾಯ್ದೆ ಹಾಗೂ 2007ರ ನಿಯಮಗಳು ನಿಯಂತ್ರಿಸುತ್ತವೆ. ಆದ್ದರಿಂದ ಅದನ್ನು ಟೀ ಶರ್ಟಿನ ಮೇಲೆ ಬಳಸುವುದು ಬೇಡ. ಚುನಾವಣಾ ನೀತಿಸಂಹಿತೆ ಜಾರಿಯಾದಾಗ ಜನಪ್ರತಿನಿಧಿಗಳ ಭಾವಚಿತ್ರವಿರುವ ಬಟ್ಟೆ ಬಳಕೆಗೆ ಬಾರದೆ ಮೂಲೆ ಸೇರುತ್ತದೆ. ಪಂಚಾಯತಿಯ ಹೆಸರು, ಊರಿನ ಗುರುತು, ಕೆಲಸದ ಹೆಸರು ಇಷ್ಟಿದ್ದರೆ ಸಾಕು.

9. ಮಾದರಿ ಚಿತ್ರ ಪುರಾವೆಯಲ್ಲ

ಈ ಪಾಠದಲ್ಲಿ ಅತ್ಯಂತ ಮುಖ್ಯವಾದದ್ದು ಇದು. ಮೇಲಿನ ಹಂತಗಳನ್ನು ಶ್ರದ್ಧೆಯಿಂದ ಅನುಸರಿಸಿದರೆ, ಇನ್ನೂ ಮುದ್ರಣವೇ ಆಗದ ಬಟ್ಟೆಯನ್ನು ಸಿಬ್ಬಂದಿ ತೊಟ್ಟು ನಿಂತಂತೆ ಕಾಣುವ ಚಿತ್ರ ಸಿದ್ಧವಾಗುತ್ತದೆ. ಅದನ್ನೇ ಬಿಲ್ಲಿನೊಂದಿಗೆ ‘ಸರಬರಾಜಾದ ಸಾಮಗ್ರಿಯ ಫೋಟೊ’ ಎಂದು ಲಗತ್ತಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದ್ದರಿಂದ ಪ್ರತಿ ಮಾದರಿ ಚಿತ್ರದ ಮೇಲೂ, ಕತ್ತರಿಸಿ ತೆಗೆಯಲಾಗದಂತೆ ಚಿತ್ರದ ನಡುವೆ ಹಾಯ್ದು, ‘ಮಾದರಿ ಚಿತ್ರ – ಮುದ್ರಿತ ಬಟ್ಟೆಯಲ್ಲ’ ಎಂಬ ಬರಹವನ್ನೂ ದಿನಾಂಕವನ್ನೂ ಅಚ್ಚು ಹಾಕಬೇಕು. ಹಣ ಪಾವತಿಗೆ ಮುನ್ನ ಸದಸ್ಯರು ಫೋಟೊ ನೋಡಿ ತೃಪ್ತರಾಗದೆ ಬಟ್ಟೆಯನ್ನೇ ಕೈಯಲ್ಲಿ ಹಿಡಿದು, ಎಣಿಸಿ, ಮಾದರಿಯ ಪಕ್ಕದಲ್ಲಿಟ್ಟು ನೋಡಬೇಕು. ಒಂದನ್ನು ನೀರಿಗೆ ಹಾಕಿ ಒಗೆದು ನೋಡುವುದು ಇನ್ನೂ ಒಳ್ಳೆಯದು.

10. ಕಡತದಲ್ಲಿ ಇರಬೇಕಾದದ್ದು

ಸಭೆ ಒಪ್ಪಿದ ಮಾದರಿ ಚಿತ್ರದ ಮುದ್ರಿತ ಪ್ರತಿ. ಬಟ್ಟೆಯ ಬಗೆ ಮತ್ತು ತೂಕ. ಮುದ್ರಣ ವಿಧಾನ ಮತ್ತು ಬಣ್ಣಗಳ ಸಂಖ್ಯೆ. ಮುದ್ರಣದ ಅಳತೆ ಮತ್ತು ಸ್ಥಾನ. ಅಳತೆವಾರು ಟೀ ಶರ್ಟುಗಳ ಸಂಖ್ಯೆ. ಇವನ್ನು ನಡಾವಳಿಗೆ ಲಗತ್ತಿಸಿ, ದರಪಟ್ಟಿ ಕೇಳುವಾಗಲೇ ಎಲ್ಲ ಮುದ್ರಕರಿಗೂ ಒಂದೇ ರೀತಿ ಕೊಡಬೇಕು. ಆಗ ದರಗಳನ್ನು ಹೋಲಿಸಲು ಬರುತ್ತದೆ. ಒಕ್ಕೂಟದ ಘಟಕಕ್ಕೂ ಇದರಿಂದ ರಕ್ಷಣೆ: ಒಪ್ಪಿದ ಮಾದರಿಯಂತೆಯೇ ಮುದ್ರಿಸಿ ಕೊಟ್ಟ ಮೇಲೆ, ‘ನಾವು ಹೇಳಿದ್ದು ಹೀಗಲ್ಲ’ ಎಂದು ಯಾರೂ ಅವರ ಹಣ ತಡೆಹಿಡಿಯುವಂತಿಲ್ಲ.

ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಮುನ್ನ ತಮ್ಮ ಪಂಚಾಯತಿಯಲ್ಲಿ ಒಂದೇ ವಿನ್ಯಾಸವನ್ನು ಒಂದು ತಿಳಿಬಣ್ಣದ ಹಾಗೂ ಒಂದು ಗಾಢಬಣ್ಣದ ಟೀ ಶರ್ಟಿನ ಮೇಲೆ ಕೂರಿಸಿದ ಎರಡು ಮಾದರಿ ಚಿತ್ರಗಳನ್ನು ಸಿದ್ಧಪಡಿಸಿ. ಅವನ್ನು ಗೋಡೆಗೆ ಅಂಟಿಸಿ, ಹತ್ತು ಅಡಿ ದೂರದಲ್ಲಿ ನಿಂತು ಓದಿ. ಬಟ್ಟೆ ತೊಡಲಿರುವ ಸಿಬ್ಬಂದಿಯನ್ನೂ ಕರೆದು ತೋರಿಸಿ, ಅವರ ಅಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಿ.