ರೋಗದ ನಡೆಯನ್ನು ಓದುವ ಬಗೆ

ನಮ್ಮ ಶಾಲೆಯಲ್ಲಿ ಓದು ಮುಗಿಸಿ ದಾದಿಯರ ವಿದ್ಯಾಭ್ಯಾಸಕ್ಕೆ ಸೇರಿರುವ ಸೋದರಿಯರಿಗೆ ಬಹಳ ಭಯವನ್ನುಂಟುಮಾಡುವ ವಿಷಯವೊಂದುಂಟು. ಅದನ್ನು ಪ್ಯಾಥೋಫಿಸಿಯಾಲಜಿ ಎಂದು ಕರೆಯುವರು. ಸ್ವಸ್ಥವಾದ ಶರೀರದ ಕೆಲಸವು ಹೇಗೆ ಕೆಡುತ್ತದೆ, ಕೆಟ್ಟ ಮೇಲೆ ಶರೀರವು ತನ್ನನ್ನು ಕಾಪಾಡಿಕೊಳ್ಳಲು ಏನೇನು ಮಾಡುತ್ತದೆ, ಆ ಪ್ರಯತ್ನವೇ ಹೇಗೆ ಮತ್ತೊಂದು ಕೇಡಿಗೆ ದಾರಿಯಾಗುತ್ತದೆ ಎಂಬುದನ್ನು ತಿಳಿಸುವ ಶಾಸ್ತ್ರವಿದು. ಭಾರತೀಯ ನರ್ಸಿಂಗ್ ಕೌನ್ಸಿಲು 2021ರಲ್ಲಿ ಹೊರಡಿಸಿದ ಬಿ.ಎಸ್‌ಸಿ. ಪಾಠಕ್ರಮದಲ್ಲಿ ಇದನ್ನು ವಯಸ್ಕರ ಶುಶ್ರೂಷೆಯ ಪಾಠದೊಡನೆಯೇ ಬೆರಸಿರುವುದು ಯುಕ್ತವಾಗಿದೆ. ರೋಗದ ನಡೆಯನ್ನರಿಯದೆ ಆರೈಕೆಯನ್ನು ಕಲಿಯುವುದೆಂತು?

ಅನೇಕರು ಇದನ್ನು ಗಿಳಿಪಾಠದಿಂದ ದಾಟಲು ನೋಡುವರು. ರೋಗದ ಹೆಸರಿನ ಕೆಳಗೆ ಹತ್ತು ಲಕ್ಷಣಗಳನ್ನು ಬರೆದು ಉರುಹಾಕುವರು. ಪರೀಕ್ಷಕರು ಪ್ರಶ್ನೆಯನ್ನು ತುಸು ತಿರುಗಿಸಿ, “ಈ ರೋಗಿಯನ್ನು ಅಂಗಾತನಾಗಿ ಮಲಗಿಸಬಾರದೇಕೆ?” ಎಂದು ಕೇಳಿದರೆ ಆ ಹತ್ತೂ ನಿರುಪಯೋಗವಾಗುವುವು. ಒಂದು ರೋಗವನ್ನು ಹಿಡಿದು ನೋಡೋಣ. ನನ್ನ ಅಭಿಪ್ರಾಯದಲ್ಲಿ ಹೃದಯದ ನಿತ್ರಾಣವನ್ನೇ ಮೊದಲು ಓದುವುದು ಲೇಸು. ಅದನ್ನು ಬಲ್ಲವಳಿಗೆ ಅರ್ಧ ಪುಸ್ತಕವೇ ತೆರೆದಂತಾಗುವುದು.

ದೀರ್ಘಕಾಲದ ರಕ್ತದೊತ್ತಡದಿಂದಲೋ ಹಿಂದೆ ಬಂದ ಹೃದಯಾಘಾತದಿಂದಲೋ ಎಡ ಹೃತ್ಕುಕ್ಷಿಯು ಬಲಗುಂದಿದೆ ಎಂದಿಟ್ಟುಕೊಳ್ಳಿರಿ. ತೂಬು ಕಟ್ಟಿದ ಕಾಲುವೆಯಲ್ಲಿ ನೀರು ಹಿಂದಕ್ಕೆ ಏರುವಂತೆ, ಮುಂದಕ್ಕೆ ಹೋಗಲಾರದ ರಕ್ತವು ಶ್ವಾಸಕೋಶದ ನಾಳಗಳಲ್ಲಿ ನಿಲ್ಲುವುದು. ಅಲ್ಲಿಯ ಒತ್ತಡವು ಹೆಚ್ಚಿ, ನೀರಿನಂಶವು ಗಾಳಿಯ ಚೀಲಗಳಿಗೆ ಜಿನುಗುವುದು. ರೋಗಿಗೆ ಏದುಸಿರು ಹತ್ತುವುದು. ಮಲಗಿದಾಗ ಕಾಲುಗಳಲ್ಲಿಯೂ ಹೊಟ್ಟೆಯಲ್ಲಿಯೂ ತಂಗಿದ್ದ ರಕ್ತವು ಎದೆಗೆ ಮರಳುವುದರಿಂದ ಹೊರೆ ಇನ್ನಷ್ಟು ಏರುವುದು. ಆದಕಾರಣ ಆತನು ಮೂರು ದಿಂಬುಗಳನ್ನು ಬೇಡುವನು, ನಡುರಾತ್ರಿ ಎದ್ದು ಕಿಟಕಿಯ ಬಳಿ ಕುಳಿತುಕೊಳ್ಳುವನು. ದಾದಿಯು ಆತನನ್ನು ಎತ್ತಿ ಕೂಡಿಸಿ, ಕಾಲುಗಳನ್ನು ಇಳಿಬಿಡಿಸುವುದರ ಕಾರಣವೂ ಇದೇ. ಕಾಲಕ್ರಮದಲ್ಲಿ ಬಲಭಾಗವೂ ಸೋತರೆ ಕೊರಳ ಸಿರೆಗಳು ಉಬ್ಬುವುವು, ಪಿತ್ತಜನಕಾಂಗವು ದಪ್ಪಗಾಗುವುದು, ಪಾದಗಳು ಬಾಯುವುವು.

ಇತ್ತ ಮೂತ್ರಪಿಂಡಗಳಿಗೆ ರಕ್ತವು ಕಡಮೆಯಾಗಿ ತಲಪುವುದು. ಹೃದಯವು ದಣಿದಿದೆಯೋ ಗಾಯದಿಂದ ರಕ್ತವು ಹೋಗಿದೆಯೋ ಎಂಬ ಭೇದವನ್ನು ಅವು ಅರಿಯವು. ರಕ್ತವೇ ಸಾಲದೆಂಬಂತೆ ರೆನಿನ್ ಎಂಬ ವಸ್ತುವನ್ನು ಹೊರಬಿಡುವುವು. ಅದರಿಂದ ಆಂಜಿಯೊಟೆನ್ಸಿನ್, ಅದರಿಂದ ಆಲ್ಡೊಸ್ಟಿರೋನ್. ಕಡೆಗೆ ಉಪ್ಪೂ ನೀರೂ ಶರೀರದಲ್ಲಿಯೇ ಉಳಿಯುವುವು. ಉಪಕಾರಕ್ಕೆ ಹೊರಟ ಅಂಗವು ದಣಿದ ಹೃದಯದ ಮೇಲೆ ಮತ್ತಷ್ಟು ಹೊರೆಯನ್ನು ಹೇರಿತು! ಉಳಿದ ಒಂದು ಲೀಟರು ನೀರಿಗೆ ತೂಕವು ಒಂದು ಕಿಲೋಗ್ರಾಂ ಏರುವುದು. ಬಾವು ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ತಕ್ಕಡಿಯು ಅದನ್ನು ಹೇಳಿಬಿಡುವುದು. ಆದ್ದರಿಂದಲೇ ದಿನವೂ ಬೆಳಗ್ಗೆ ಮೂತ್ರವಿಸರ್ಜನೆಯಾದ ಮೇಲೆ, ಆಹಾರಕ್ಕೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಗಬೇಕೆಂಬ ನಿಯಮ.

ಔಷಧದ ಪಾಠವೂ ಇದೇ ಸರಪಳಿಗೆ ಸೇರಿದೆ. ಫ್ಯೂರೊಸಮೈಡು ಉಪ್ಪನ್ನೂ ನೀರನ್ನೂ ಹೊರಡಿಸುವಾಗ ಪೊಟ್ಯಾಸಿಯಮ್ಮನ್ನೂ ಒಯ್ಯುವುದು. ರಕ್ತದಲ್ಲಿ ಇದರ ಪ್ರಮಾಣವು ಸಾಧಾರಣವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲು. ಅದು ತಗ್ಗಿರುವಾಗ ಡಿಜಾಕ್ಸಿನ್ ಕೊಟ್ಟರೆ ಹೃದಯದ ಬಡಿತವು ಹದಗೆಡುವ ಭಯವುಂಟು. ಆದಕಾರಣ ಡಿಜಾಕ್ಸಿನ್ನಿಗೆ ಮುಂಚೆ ಒಂದು ನಿಮಿಷ ಪೂರ್ತಿಯಾಗಿ ಹೃದಯದ ಬಡಿತವನ್ನೆಣಿಸಿ, ವಯಸ್ಕರಲ್ಲಿ ಅದು 60ಕ್ಕಿಂತ ಕಡಮೆಯಿದ್ದರೆ ಔಷಧವನ್ನು ತಡೆದು ವೈದ್ಯರಿಗೆ ತಿಳಿಸಬೇಕು. ಸ್ಪೈರೊನೊಲ್ಯಾಕ್ಟೋನಾದರೋ ಆಲ್ಡೊಸ್ಟಿರೋನನ್ನು ತಡೆಯುವುದರಿಂದ ಪೊಟ್ಯಾಸಿಯಮ್ಮನ್ನು ಏರಿಸುವುದು. ಹೈಪೊ ಎಂದರೆ ಕಡಮೆ, ಹೈಪರ್ ಎಂದರೆ ಹೆಚ್ಚು. ಈ ಎರಡು ಮಾತುಗಳು ಅದಲುಬದಲಾದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು, ಆಸ್ಪತ್ರೆಯಲ್ಲಿ ಹೋಗುವುದು ಅಂಕವಲ್ಲ.

ಬಾವು ಕಂಡಲ್ಲೆಲ್ಲ ಹೃದಯವನ್ನೇ ದೂರಬಾರದು. ರಕ್ತದ ಒತ್ತಡವು ನೀರನ್ನು ನಾಳದಿಂದ ಹೊರಕ್ಕೆ ತಳ್ಳುವುದನ್ನೂ ರಕ್ತದೊಳಗಿನ ಸಸಾರಜನಕಗಳು ಅದನ್ನು ಹಿಡಿದಿಡುವುದನ್ನೂ ಅರ್ನೆಸ್ಟ್ ಸ್ಟಾರ್ಲಿಂಗರು 1896ರಲ್ಲಿ ವಿವರಿಸಿದರು. ಮೂತ್ರದಲ್ಲಿ ಆಲ್ಬುಮಿನ್ ಸೋರಿಹೋದವರಿಗೆ ಬೆಳಗ್ಗೆ ಏಳುವಾಗ ಕಣ್ಣುರೆಪ್ಪೆಗಳು ಊದಿರುವುದಕ್ಕೆ ಹಿಡಿದಿಡುವ ಬಲವು ಕುಂದಿದ್ದೇ ಕಾರಣ. ನಮ್ಮ ಕರಾವಳಿಯಲ್ಲಿಯೂ ಕಲಬುರಗಿಯ ಕಡೆಯಲ್ಲಿಯೂ ಜನರು ಬಲ್ಲ ಆನೆಕಾಲು ರೋಗದಲ್ಲಿ ದುಗ್ಧರಸದ ನಾಳಗಳೇ ಕೆಟ್ಟಿರುವುವು. ಅಲ್ಲಿ ನೀರಿಳಿಸುವ ಮಾತ್ರೆಗಿಂತ ಕಾಲನ್ನು ದಿನವೂ ಸಾಬೂನಿನಿಂದ ತೊಳೆದು ಒರಸಿ ಚರ್ಮವನ್ನು ಕಾಪಾಡುವುದೇ ಮುಖ್ಯವಾದ ಆರೈಕೆ.

ಓದುವಾಗ ಪುಸ್ತಕವನ್ನು ಮುಚ್ಚಿ, ಬರಿಯ ಹಾಳೆಯ ಮೇಲೆ ಈ ಸರಪಳಿಯನ್ನು ಬಾಣದ ಗುರುತುಗಳಿಂದ ಬರೆಯಿರಿ. ಪ್ರತಿ ಬಾಣದ ಬಳಿಯಲ್ಲಿ “ಯಾಕೆ?” ಎಂದು ಕೇಳಿಕೊಳ್ಳಿರಿ. ಉತ್ತರ ದೊರೆಯದ ಕಡೆ ಮೊದಲನೆಯ ವರ್ಷದ ಶರೀರಕ್ರಿಯೆಯ ಪುಸ್ತಕವನ್ನು ತೆರೆಯಿರಿ. ಕೊರತೆಯು ಪ್ರಾಯಶಃ ಅಲ್ಲಿಯೇ ಇರುವುದು. ಮರುದಿನವೂ ವಾರ ಕಳೆದ ಮೇಲೆಯೂ ಅದನ್ನು ನೋಡದೆ ಮತ್ತೆ ಬರೆಯಿರಿ. ಕನ್ನಡದಲ್ಲಿ ಹೈಸ್ಕೂಲು ಮುಗಿಸಿದವರು ಇಂಗ್ಲಿಷ್ ಪುಸ್ತಕಕ್ಕೆ ಅಂಜಬೇಕಾಗಿಲ್ಲ. ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ತಿಳಿದುಕೊಂಡು, ಬಳಿಕ ಇಂಗ್ಲಿಷ್ ಹೆಸರುಗಳನ್ನು ಕೂಡಿಸಿರಿ.

ತಂದೆತಾಯಿಗಳಲ್ಲಿಯೂ ಒಂದು ವಿಜ್ಞಾಪನೆ. ಮಗಳು ರಜೆಗೆ ಬಂದಾಗ ಮನೆಗೆಲಸವನ್ನೆಲ್ಲ ಅವಳಿಗೇ ಬಿಡದೆ, ಸಂಜೆ ಅರ್ಧ ಗಂಟೆ ಅವಳ ಪಾಠಕ್ಕೆ ಕಿವಿಗೊಡಿರಿ. ಅಜ್ಜನ ಪಾದವೇಕೆ ಊದಿದೆಯೆಂದು ತಾಯಿಗೆ ತಿಳಿಯುವಂತೆ ವಿವರಿಸಬಲ್ಲವಳು ಪರೀಕ್ಷಕರಿಗೂ ವಿವರಿಸಬಲ್ಲಳು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ರೋಗಿಯ ಉಸಿರು ಮಾರ್ಪಟ್ಟಾಗ ಅದನ್ನು ಮೊದಲು ಕಾಣತಕ್ಕವಳೂ, ವೈದ್ಯರನ್ನು ಎಬ್ಬಿಸಬೇಕೇ ಎಂದು ನಿಶ್ಚಯಿಸತಕ್ಕವಳೂ ಅವಳೇ.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಮೊದಲು ಸರಪಳಿಯನ್ನು ಚಿಕ್ಕದಾಗಿ ಬರೆದು, ಒಂದೊಂದು ಕೊಂಡಿಯ ಎದುರಿಗೆ ಅದರಿಂದ ಹುಟ್ಟುವ ಲಕ್ಷಣವನ್ನೂ ದಾದಿಯು ಮಾಡತಕ್ಕ ಕೆಲಸವನ್ನೂ ಸೂಚಿಸಿರಿ. ವಿಸ್ತಾರವನ್ನು ಆಮೇಲೆ ಬರೆಯಬಹುದು. ಗಂಟೆ ಹೊಡೆದು ಉತ್ತರವು ಅರ್ಧಕ್ಕೆ ನಿಂತರೂ ವಿಷಯವನ್ನು ತಿಳಿದಿರುವಳೆಂಬುದು ಕಾಗದದ ಮೇಲೆ ಇರುವುದು.