ಹಸಿ ಹುಲ್ಲಿನ 1.8, ಒಣ ಹುಲ್ಲಿನ 3.6

ಪ್ರಶ್ನೆ: ಮನೆಯ ಹಿಂದೆ ಎರಡು ಮಿಶ್ರತಳಿ ಹಸು ಕಟ್ಟಿದ್ದೇವೆ. ಕೆ.ಆರ್. ನಗರದ ಕಡೆಯಿಂದ ಒಂದು ಲೋಡು ಭತ್ತದ ಹುಲ್ಲು ಹಾಕಿಸಿದ ಮೇಲೆ, ದುಬಾರಿಯೆಂದು ನೇಪಿಯರ್ ಹುಲ್ಲು ಕಡಿಮೆ ಮಾಡಿದೆವು. ಹಾಲು ಇಳಿಯಿತು. ಮಗ ಎರಡನ್ನೂ ಪರೀಕ್ಷೆಗೆ ಕೊಟ್ಟ. ಕಚ್ಚಾ ಪ್ರೋಟೀನ್ ಭತ್ತದ ಹುಲ್ಲಿನಲ್ಲಿ 3.6, ನೇಪಿಯರಿನಲ್ಲಿ ಬರೀ 1.8. ಭತ್ತದ ಹುಲ್ಲಿನ ಬೂದಿ 16, ಎನ್‌ಡಿಎಫ್ 72. ಹುಲ್ಲಿಗೆ ಮಣ್ಣು ಬೆರೆಸಿ ಮೋಸ ಮಾಡಿದ್ದಾರೆ ಎಂದು ಯಜಮಾನರು ಬಾಕಿ ಹಣ ತಡೆದಿದ್ದಾರೆ. ನೇಪಿಯರ್ ಪೂರ್ತಿ ನಿಲ್ಲಿಸೋಣ ಅಂತಾರೆ. ಏನು ಮಾಡಲಿ?
— ಓದುಗರೊಬ್ಬರು, ಒಂಟಿಕೊಪ್ಪಲ್, ಮೈಸೂರು

ಉತ್ತರ: ದಯವಿಟ್ಟು ನೇಪಿಯರ್ ನಿಲ್ಲಿಸಬೇಡಿ ತಾಯಿ. ವರದಿಯಲ್ಲಿ ಎಲ್ಲರೂ ದಾಟಿ ಹೋಗುವ ಮೊದಲ ಸಾಲನ್ನು, ಅಂದರೆ ತೇವಾಂಶವನ್ನು, ಇನ್ನೊಮ್ಮೆ ನೋಡಿ. ಹಸಿ ನೇಪಿಯರಿನಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ. ಉಳಿದ 20 ಭಾಗ ಒಣ ಪದಾರ್ಥದಲ್ಲಿ 1.8 ಪ್ರೋಟೀನ್ ಎಂದರೆ, ನೂರಕ್ಕೆ 9 ಆಯಿತು. ಭತ್ತದ ಹುಲ್ಲಿನಲ್ಲಿ ನೀರು 10 ಭಾಗ ಮಾತ್ರ, 3.6 ಅನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು 4. ನೀರು ಕಳೆದು ಹೋಲಿಸಿದರೆ ನಿಮ್ಮ ಹಸಿ ಹುಲ್ಲೇ ಎರಡು ಪಾಲಿಗಿಂತ ಮೇಲು. ಮುಂದಿನ ಸಲ ‘ಒಣ ಪದಾರ್ಥದ ಲೆಕ್ಕದಲ್ಲಿ ಬರೆದುಕೊಡಿ’ ಎಂದೇ ಕೇಳಿ.

ಇನ್ನು ಹುಲ್ಲು ಕೊಟ್ಟವರ ವಿಷಯ. ಭತ್ತದ ಪೈರು ನೆಲದಿಂದ ಸಿಲಿಕಾವನ್ನು ಹೇರಳವಾಗಿ ಹೀರಿಕೊಳ್ಳುತ್ತದೆ, ಅದೇ ಬೂದಿಯಾಗಿ ಕಾಣುತ್ತದೆ. ರಾಗಿ ಹುಲ್ಲಿನಲ್ಲಿ 16 ಬಂದಿದ್ದರೆ ನಾನೂ ಮಣ್ಣನ್ನು ಅನುಮಾನಿಸುತ್ತಿದ್ದೆ. ಭತ್ತದ ಹುಲ್ಲಿಗೆ ಅದು ಸಹಜ, ಪ್ರೋಟೀನ್ 4 ಇರುವುದೂ ಸಹಜವೇ. ಈ ಅಂಕಿಗಳಲ್ಲಿ ಮೋಸ ಕಾಣುತ್ತಿಲ್ಲ. ರೈತರ ಹಣ ತಡೆಯಬಾರದು, ಕೊಟ್ಟುಬಿಡಿ.

ಹಾಲು ಇಳಿದದ್ದಕ್ಕೆ ಉತ್ತರ ಆ 72ರಲ್ಲಿದೆ. ಎನ್‌ಡಿಎಫ್ ಅಂದರೆ ನಾರು, ಹೊಟ್ಟೆಯಲ್ಲಿ ಜಾಗ ಹಿಡಿದು ನಿಧಾನವಾಗಿ ಕರಗುವ ಭಾಗ. 120 ಅನ್ನು ಈ ಅಂಕಿಯಿಂದ ಭಾಗಿಸಿದರೆ, ಹಸು ತನ್ನ ತೂಕದ ನೂರಕ್ಕೆ ಎಷ್ಟು ಭಾಗ ಆ ಮೇವನ್ನು ತಿನ್ನಬಲ್ಲದು ಎಂಬ ಅಂದಾಜು ಸಿಗುತ್ತದೆ. ಇಲ್ಲಿ ಬರುವುದು 1.67. ನಾನೂರು ಕಿಲೋ ಹಸುವಿಗೆ ಆರೂವರೆ-ಏಳು ಕಿಲೋಗೇ ಹೊಟ್ಟೆ ಬಿಗಿಯುತ್ತದೆ. ಹಾಲು ಕೊಡುವ ಮಿಶ್ರತಳಿಗೆ ಬೇಕಾದದ್ದು ಹತ್ತರಿಂದ ಹನ್ನೆರಡು ಕಿಲೋ ಒಣ ಪದಾರ್ಥ. ಮೆಲುಕು ಹಾಕುತ್ತಾ ನೆಮ್ಮದಿಯಾಗಿ ಮಲಗಿದ ಹಸುವನ್ನು ನೋಡಿ ನಾವು ಸಮಾಧಾನಪಡುತ್ತೇವೆ, ಒಳಗೆ ಅದು ಅರೆಹೊಟ್ಟೆಯಲ್ಲಿರುತ್ತದೆ. ಮೇವಿನಲ್ಲಿ ಪ್ರೋಟೀನ್ ಏಳಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳೂ ಸೊರಗಿ, ಇರುವ ನಾರೂ ಸರಿಯಾಗಿ ಕರಗುವುದಿಲ್ಲ.

ಆದ್ದರಿಂದ ಒಣ ಹುಲ್ಲು ಇರಲಿ, ಅದರ ಪಾಲು ಇಳಿಸಿ. ನೇಪಿಯರ್ ಸುಮಾರು 45 ದಿನಕ್ಕೆ ಕೊಯ್ದ ಎಳೆಯದೇ ಆಗಲಿ. ಬಲಿತು ದಂಟಾದರೆ ಪ್ರೋಟೀನ್ ಬೀಳುತ್ತದೆ. ಅಲಸಂದೆಯೋ ಅಗಸೆ ಸೊಪ್ಪೋ ಸಿಕ್ಕಿದರೆ ಬಿಡಬೇಡಿ. ಬದಲಾವಣೆಯನ್ನು ವಾರ-ಹತ್ತು ದಿನದಲ್ಲಿ ಮೆಲ್ಲಗೆ ಮಾಡಿ. ಭತ್ತದ ಹುಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಹಾಗಾಗಿ ಖನಿಜ ಮಿಶ್ರಣ ತಪ್ಪಿಸಲೇಬಾರದು.

ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವ ಕ್ರಮವೂ ಇದೆ. ಹುಲ್ಲು ಮೆತ್ತಗಾಗುತ್ತದೆ, ಪ್ರೋಟೀನ್ ಅಂಕಿಯೂ ಏರುತ್ತದೆ. ಆದರೆ ಒತ್ತೊತ್ತಾದ ಮನೆಗಳ ನಡುವೆ ಅಮೋನಿಯಾದ ಘಾಟು ಯಾರು ತಡೆದಾರು? ನಿಮಗೆ ನಾನು ಹೇಳುವುದಿಲ್ಲ. ಅಂದಹಾಗೆ, ಪ್ರಯೋಗಾಲಯ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ‘ಕಚ್ಚಾ ಪ್ರೋಟೀನ್’ ಎಂದು ಬರೆಯುತ್ತಾರೆ. ಯೂರಿಯಾದ ಸಾರಜನಕವೂ ಆ ಲೆಕ್ಕಕ್ಕೆ ಸೇರುತ್ತದೆ.

ಮಗ ಲೋಡಿನ ಮೇಲಿನ ಒಂದು ಹಿಡಿ ಕೊಟ್ಟಿದ್ದರೆ ಆ ಪರೀಕ್ಷೆಯನ್ನು ನೆಚ್ಚಬೇಡಿ. ಹತ್ತಾರು ಕಂತೆಗಳ ಒಡಲಿನಿಂದ ತೆಗೆದು, ಕತ್ತರಿಸಿ, ಬೆರೆಸಿ ಕೊಡಬೇಕು. ಹಾಗೆ ತೆಗೆಯುವಾಗ ಬಣವೆಯ ನಡುವೆ ಕೈಯಿಟ್ಟು ನೋಡಿ. ಬಿಸಿ ತಾಗಿದರೆ, ಮುಗ್ಗಲು ವಾಸನೆ ಬಂದರೆ, ಅಲ್ಲಿ ಬೂಷ್ಟು ಹಿಡಿಯುತ್ತಿದೆ. ಸಾಮಾನ್ಯ ವರದಿ ಅದನ್ನು ಹೇಳುವುದೇ ಇಲ್ಲ. ಅಂಥ ಹುಲ್ಲನ್ನು ಬೇರೆ ಮಾಡಿ ಎಸೆಯಿರಿ. ಕಡಲೆಕಾಯಿ ಹಿಂಡಿ ಹಾಕುತ್ತಿದ್ದರೆ ಅದಕ್ಕೆ ಅಫ್ಲಟಾಕ್ಸಿನ್ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಿ; ಆ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ನಿಮ್ಮ ಬೀದಿಯ ಮಕ್ಕಳು ಕುಡಿಯುತ್ತಾರೆ.