ಎರಿ ರಾಡಿ, ಜಾಲಿ ಮುಳ್ಳು, ಮೇ ಬಿಸಿಲು: ನಿಮ್ಮ ಎಸ್‌ಯುವಿಗೆ ಯಾವ ಟೈರ್?

ಸಾರವಾಡದ ಹತ್ತಿರ, ಡೋಣಿ ದಂಡೆಯ ಹೊಲವೊಂದಕ್ಕೆ ಹೊರಟಿದ್ದೆ. ಸೆಪ್ಟೆಂಬರ್ ತಿಂಗಳು, ಹಿಂದಿನ ರಾತ್ರಿ ಒಳ್ಳೆ ಮಳೆಯಾಗಿತ್ತು. ಗಾಡಿಗೆ ಹೊಸ ಆಲ್-ಟೆರೇನ್ ಟೈರ್ ಹಾಕಿಸಿ ವಾರವೂ ಆಗಿರಲಿಲ್ಲ. ಅದರ ದಪ್ಪ ಹಲ್ಲು ನೋಡಿಯೇ ಧೈರ್ಯ ಬಂದಿತ್ತು ಅನ್ನಿ. ಡಾಂಬರು ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ಹಲ್ಲಿನ ಸಂದಿಯೆಲ್ಲ ಕರಿ ಮಣ್ಣು ತುಂಬಿ, ನಾಲ್ಕೂ ಚಕ್ರ ಬೋಳಾಗಿ, ಗಾಡಿ ಪಕ್ಕಕ್ಕೆ ಜಾರಿ ಒಡ್ಡಿಗೆ ಆತುಕೊಂಡಿತು. ಟ್ರ್ಯಾಕ್ಟರನ್ನು ಡಾಂಬರಿನ ಮೇಲೇ ನಿಲ್ಲಿಸಿ ಹಗ್ಗ ಕಟ್ಟಿ ಎಳೆದ ಕಾಕಾ ಒಬ್ಬರು ನಕ್ಕರು: "ತಮ್ಮಾ, ಈ ಭೂಮ್ಯಾಗ ಎತ್ತೂ ನಿಂದರ್ತಾವು. ನಿನ್ ಗಾಡಿ ಯಾವ ಲೆಕ್ಕ?"

ಅಂಗಡಿಯಲ್ಲಿ ಯಾರೂ ಹೇಳದ ಮಾತು ಅದು. ಎರಿ ಮಣ್ಣಿನ ಜೇಡಿ ಕಣ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎನ್ನುವ ಗಾದೆ ಹುಟ್ಟಿದ್ದು ಆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ. ಟೈರನ್ನೂ ಅದು ಹಾಗೆಯೇ ಹಿಡಿಯುತ್ತದೆ. ಆದ್ದರಿಂದ ವಿಜಯಪುರ, ತಿಕೋಟಾ, ಬಬಲೇಶ್ವರದವರು ಟೈರ್ ಕೊಳ್ಳುವಾಗ ಮೊದಲು ಮನಸ್ಸಿನಿಂದ ತೆಗೆದುಹಾಕಬೇಕಾದದ್ದು ಹಸಿ ಎರಿ ಹೊಲವನ್ನು. ಅದನ್ನು ಗೆಲ್ಲುವ ಟೈರ್ ಹುಡುಕಲು ಹೋದರೆ ಉಳಿದ 340 ದಿನ ಆ ಹುಡುಕಾಟದ ದಂಡ ಕಟ್ಟುತ್ತೀರಿ.

ಮೊದಲು ನಿಮ್ಮ ದಾರಿ ಎಣಿಸಿ

ಕಾಗದ ತೆಗೆದುಕೊಂಡು ಕಳೆದ ಒಂದು ತಿಂಗಳಲ್ಲಿ ಗಾಡಿ ಎಲ್ಲೆಲ್ಲಿ ಓಡಿತು ಬರೆಯಿರಿ. ನಗರದೊಳಗೆ ಎಷ್ಟು, ಸೊಲ್ಲಾಪುರ-ಹುಬ್ಬಳ್ಳಿ ಕಡೆಯ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಎಷ್ಟು, ಗರಸಿನ ದಾರಿಯಲ್ಲಿ ಎಷ್ಟು, ಹೊಲದೊಳಗೆ ಎಷ್ಟು. ಕಿಲೋಮೀಟರ್ ಲೆಕ್ಕ ಬರಲಿ, ನೆನಪಿನ ಲೆಕ್ಕ ಬೇಡ. ಒಮ್ಮೆ ಸಿಕ್ಕಿಬಿದ್ದದ್ದು ವರ್ಷವೆಲ್ಲ ನೆನಪಿರುತ್ತದೆ, ಸುಮ್ಮನೆ ಓಡಿದ ಸಾವಿರ ಕಿಲೋಮೀಟರ್ ನೆನಪಿರುವುದಿಲ್ಲ.

ಹತ್ತರಲ್ಲಿ ಒಂಬತ್ತು ಪಾಲು ಡಾಂಬರಾದರೆ ಹೈವೇ ಟೈರೇ ಸಾಕು. ಪಕ್ಕದಲ್ಲಿ ಎಚ್‌ಟಿ ಎಂದು ಬರೆದಿರುವ ಜಾತಿ ಅದು. ಕಂಪನಿಯಿಂದ ಬಂದ ಬಹುಪಾಲು ಎಸ್‌ಯುವಿಗಳ ಕಾಲಲ್ಲಿ ಇರುವುದೂ ಅದೇ. ವಾರಕ್ಕೆ ಮೂರು-ನಾಲ್ಕು ಸಲ ಬಿಜ್ಜರಗಿ, ಬಾಬಾನಗರ, ಕನಮಡಿ ಕಡೆಯ ಮಡ್ಡಿಯಲ್ಲಿ ದ್ರಾಕ್ಷಿ ತೋಟಕ್ಕೋ ಒಣದ್ರಾಕ್ಷಿ ಶೆಡ್ಡಿಗೋ ಹೋಗುವವರಿಗೆ ಆಲ್-ಟೆರೇನ್, ಅಂದರೆ ಎಟಿ, ನಿಜವಾಗಿ ಕೆಲಸಕ್ಕೆ ಬರುತ್ತದೆ. ಮಡ್ಡಿಯ ಕಲ್ಲು ಚೂಪು. ಅಲ್ಲಿ ಬೇಕಾದದ್ದು ಹಿಡಿತಕ್ಕಿಂತ ಹೆಚ್ಚಾಗಿ ದಪ್ಪ ರಬ್ಬರು. ಮಡ್-ಟೆರೇನ್ ಎಂಬ ಮೂರನೆಯ ಜಾತಿಯೂ ಇದೆ. ದಿನನಿತ್ಯ ಓಡಿಸುವ ಗಾಡಿಗೆ ಅದು ಬೇಡವೇ ಬೇಡ: ಗುಂಯ್ ಎನ್ನುವ ಸದ್ದು, ಒದ್ದೆ ಡಾಂಬರಿನಲ್ಲಿ ಉದ್ದವಾಗುವ ಬ್ರೇಕಿನ ದೂರ, ಬೇಗ ಸವೆತ.

ಒಂದು ಮಾತು ಸೇರಿಸಲೇಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳ ನೀರು ಬಂದ ಕಡೆ ಹೊಲದ ದಾರಿಗಳು ಮಳೆಗಾಲ ಮುಗಿದ ಮೇಲೂ ಅಲ್ಲಲ್ಲಿ ಹಸಿಯಾಗಿರುತ್ತವೆ. ಹತ್ತು ವರ್ಷದ ಹಿಂದಿನ ದಾರಿಯ ಲೆಕ್ಕ ಹಿಡಿದು ಟೈರ್ ಆರಿಸಬೇಡಿ, ಈ ವರ್ಷದ್ದನ್ನು ಹಿಡಿಯಿರಿ.

ಒದ್ದೆ ಡಾಂಬರೇ ನಿಜವಾದ ಪರೀಕ್ಷೆ

ನಮ್ಮ ಜಿಲ್ಲೆಯಲ್ಲಿ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಮಲೆನಾಡಿನ ಮುಂದೆ ಏನೂ ಅಲ್ಲ. ಅಪಾಯ ಇರುವುದು ಅದು ಬೀಳುವ ರೀತಿಯಲ್ಲಿ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಧೂಳು, ಎಣ್ಣೆ, ಕಬ್ಬಿನ ಟ್ರ್ಯಾಕ್ಟರ್‌ಗಳ ಗಾಲಿಯಿಂದ ಉದುರಿದ ಕರಿ ಮಣ್ಣಿನ ಹೆಂಟೆ ಕೂತಿರುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆಗೆ ಗ್ರೀಸ್ ಬಳಿದಂತೆ. ಜೋರು ಮಳೆ ಬಂದು ತೊಳೆದುಹೋದರೆ ಎಷ್ಟೋ ವಾಸಿ, ಜಿಟಿಜಿಟಿ ಮಳೆಯೇ ಮೋಸಗಾರ.

ಇಲ್ಲಿ ಎಟಿ ಟೈರಿನ ಗುಣ-ದೋಷ ಎರಡನ್ನೂ ತಿಳಿದಿರಬೇಕು. ಹಲ್ಲುಗಳ ನಡುವೆ ಅಗಲ ಸಂದಿ ಇರುವುದರಿಂದ ನಿಂತ ನೀರನ್ನು ಅದು ಚೆನ್ನಾಗಿ ಹೊರಗೆ ತಳ್ಳುತ್ತದೆ. ಆದರೆ ಅದೇ ಕಾರಣಕ್ಕೆ ರಸ್ತೆಗೆ ತಾಗುವ ರಬ್ಬರು ಕಡಿಮೆ, ಮೇಲಾಗಿ ಕಲ್ಲಿಗೆ ತಡೆಯಲೆಂದು ರಬ್ಬರು ತುಸು ಗಟ್ಟಿ. ಹಾಗಾಗಿ ತೆಳ್ಳಗೆ ಒದ್ದೆಯಾದ ನುಣುಪು ಡಾಂಬರಿನಲ್ಲಿ ಒಳ್ಳೆಯ ಹೈವೇ ಟೈರಿಗಿಂತ ಎಟಿ ನಿಲ್ಲುವುದು ಸಾಮಾನ್ಯವಾಗಿ ತಡ. ಅಂಗಡಿಯಲ್ಲಿ ಎಟಿ ಟೈರಿನ ಹಲ್ಲನ್ನು ಹತ್ತಿರದಿಂದ ನೋಡಿ: ಒಂದೊಂದು ಹಲ್ಲಿನ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರಬೇಕು. ಅವು ನೀರಿನ ತೆಳುಪದರವನ್ನು ಕತ್ತರಿಸುತ್ತವೆ. ಸೀಳಿಲ್ಲದ, ಇಟ್ಟಿಗೆಯಂಥ ಹಲ್ಲಿನ ಟೈರ್ ನೋಡಲು ಗಂಡುಗಲಿ, ಮಳೆಯ ಸಂಜೆ ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಅಲ್ಲ.

ಹಿಮದ ಗುರುತಿನ ಬಗ್ಗೆ ಎರಡು ಸಾಲು. ಎಟಿ ಟೈರಿನ ಪಕ್ಕದಲ್ಲಿ 'ಎಂ+ಎಸ್' ಎಂದಿದ್ದರೆ ಅದು ಕೆಸರು-ಹಿಮಕ್ಕೆ ತಕ್ಕ ವಿನ್ಯಾಸ ಎಂದು ತಯಾರಕರೇ ಹೇಳಿಕೊಳ್ಳುವ ಮಾತು. ಮೂರು ಶಿಖರದ ನಡುವೆ ಹಿಮಹರಳಿನ ಚಿತ್ರವಿದ್ದರೆ ಮಾತ್ರ ಹಿಮದ ಮೇಲೆ ಪರೀಕ್ಷೆ ಆಗಿದೆ ಎಂದರ್ಥ. ನಮಗೆ ಎರಡೂ ಬೇಡ, ಅದಕ್ಕಾಗಿ ಹೆಚ್ಚಿನ ದುಡ್ಡೂ ಬೇಡ. ಮಗನೋ ಮಗಳೋ ಕೆನಡಾದ ಕ್ವಿಬೆಕ್‌ನಲ್ಲಿದ್ದರೆ ಅವರಿಗೆ ಹೇಳಿ: ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಬರೀ 'ಎಂ+ಎಸ್' ನಡೆಯುವುದಿಲ್ಲ.

ಪಕ್ಕದ ಅಕ್ಷರ ಓದುವುದು

ಬೊಲೆರೋ ಟೈರಿನ ಮೇಲೆ 215/75 ಆರ್15 ಎಂದಿರುತ್ತದೆ. 215 ಎಂದರೆ ಮಿಲಿಮೀಟರಿನಲ್ಲಿ ಅಗಲ, 75 ಎಂದರೆ ಪಕ್ಕದ ಎತ್ತರ ಆ ಅಗಲದ ಶೇ 75, ಆರ್ ಎಂದರೆ ರೇಡಿಯಲ್, 15 ಇಂಚು ರಿಮ್ಮು. ಅದರ ಮುಂದಿನ ಅಂಕಿ ಭಾರದ್ದು: 100 ಇದ್ದರೆ ಒಂದು ಟೈರ್ 800 ಕಿಲೋ ಹೊರುತ್ತದೆ, 104 ಇದ್ದರೆ 900, 108 ಇದ್ದರೆ 1000. ಕೊನೆಯ ಅಕ್ಷರ ವೇಗದ್ದು: ಎಸ್ 180, ಟಿ 190, ಎಚ್ 210 ಕಿ.ಮೀ. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಕೂಡದು. ದ್ರಾಕ್ಷಿ ಕ್ರೇಟು ಹೇರುವ ಗಾಡಿಯಲ್ಲಿ ಇದು ಪುಸ್ತಕದ ಮಾತಲ್ಲ.

ಇನ್ನೊಂದು ಕಡೆ ನಾಲ್ಕು ಅಂಕಿ ಒಂದು ಚೌಕಟ್ಟಿನೊಳಗೆ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಬಿಸಿಲು 40 ಡಿಗ್ರಿ ದಾಟುವ ನಮ್ಮೂರಲ್ಲಿ ತಗಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದ ಟೈರನ್ನು ರಿಯಾಯಿತಿ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಐಎಸ್‌ಐ ಗುರುತು ಇದೆಯೇ ನೋಡಿ, ಬಿಲ್ಲಿನಲ್ಲಿ ಟೈರಿನ ಸಂಖ್ಯೆ ಬರೆಸಿಕೊಳ್ಳಿ. ಎಂಆರ್‌ಎಫ್ ವಾಂಡರರ್, ಅಪೊಲೊ ಆಪ್ಟೆರಾ, ಜೆಕೆ ರೇಂಜರ್, ಸಿಯೆಟ್ ಕ್ರಾಸ್‌ಡ್ರೈವ್, ಯೊಕೊಹಾಮಾ ಜಿಯೋಲ್ಯಾಂಡರ್ ಹೀಗೆ ಆಯ್ಕೆ ಸಾಕಷ್ಟಿದೆ. ಆದರೆ ಒಂದೇ ಹೆಸರಿನಲ್ಲಿ ಎಚ್‌ಟಿ, ಎಟಿ ಎರಡೂ ಬರುವುದುಂಟು, ಕೊನೆಯ ಅಕ್ಷರ ಓದದೆ ದುಡ್ಡು ಕೊಡಬೇಡಿ.

ದೊಡ್ಡದು ಬೇಡ

"ಒಂದ್ ಸೈಜ್ ದೊಡ್ಡದ್ ಹಾಕ್ಸ್ರಿ ಸರ, ಗಾಡಿ ಎದ್ದ್ ಕಾಣ್ತೈತಿ" ಎನ್ನುವ ಸಲಹೆ ಬಿಟ್ಟಿ ಸಿಗುತ್ತದೆ. ಲೆಕ್ಕ ಮಾಡಿ. 235/65 ಆರ್17 ಟೈರಿನ ಒಟ್ಟು ಎತ್ತರ ಸುಮಾರು 737 ಮಿ.ಮೀ. 245/65 ಆರ್17 ಹಾಕಿದರೆ 750. ಅಂದರೆ ಮೀಟರಿನಲ್ಲಿ 100 ತೋರುವಾಗ ಗಾಡಿ ಮೊದಲು ಓಡುತ್ತಿದ್ದುದಕ್ಕಿಂತ ಸುಮಾರು ಶೇ 1.8ರಷ್ಟು ಹೆಚ್ಚು ವೇಗದಲ್ಲಿ ಓಡುತ್ತದೆ. ಇಷ್ಟರಲ್ಲಿ ಮುಳುಗುವುದೇನಿಲ್ಲ, ಎತ್ತರದಲ್ಲಿ ಶೇ 3ರ ಒಳಗಿನ ವ್ಯತ್ಯಾಸ ನಡೆಯುತ್ತದೆ ಎನ್ನುವುದು ರೂಢಿ. ನಮ್ಮ ಸಮಸ್ಯೆ ಬೇರೆ: ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಟೈರ್ ದೊಡ್ಡದಾದಷ್ಟೂ ಆ ಸಂದಿ ಕಿರಿದು, ಚಕ್ರ ಅಷ್ಟು ಬೇಗ ಜಾಮು. ಚಕ್ಕಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗೆಯೇ ಎಲ್‌ಟಿ ಎಂದು ಶುರುವಾಗುವ, ಲಘು ಟ್ರಕ್ಕಿಗೆಂದು ಮಾಡಿದ ಟೈರನ್ನು ಮನೆ ಗಾಡಿಗೆ ಹಾಕಿಸಿದರೆ ಪಕ್ಕ ಗಟ್ಟಿ ಇರುತ್ತದೆ ನಿಜ, ಆದರೆ ಅದೇ ಭಾರಕ್ಕೆ ಹವಾ ಹೆಚ್ಚು ಬೇಕು, ಹಿಂದಿನ ಸೀಟಿನ ಅವ್ವ ಪ್ರತಿ ಗುಂಡಿಗೂ ಬೈಯುತ್ತಾಳೆ.

ಜಾಲಿ ಮುಳ್ಳು

ಈ ಭಾಗದಲ್ಲಿ ಎಟಿ ಕೊಳ್ಳಲು ಒಂದು ಗಟ್ಟಿ ಕಾರಣವಿದ್ದರೆ ಅದು ಬಳ್ಳಾರಿ ಜಾಲಿ. ಹೊಸ ಹೈವೇ ಟೈರಿನ ಹಲ್ಲು ಏಳೆಂಟು ಮಿ.ಮೀ. ಆಳವಿದ್ದರೆ ಎಟಿಯದು ಹತ್ತರ ಆಚೀಚೆ. ಆ ಎರಡು-ಮೂರು ಮಿಲಿಮೀಟರಿನಲ್ಲಿ ಎಷ್ಟೋ ಮುಳ್ಳು ಒಳಪದರ ಮುಟ್ಟದೆ ಮುರಿಯುತ್ತವೆ. ಪಂಕ್ಚರ್ ಆದರೆ ದಾರದಂಥ ಪಟ್ಟಿ ಹೊರಗಿನಿಂದ ತುರುಕುವುದು ಮನೆ ಮುಟ್ಟುವವರೆಗಿನ ಉಪಾಯ. ಮರುದಿನ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಪಕ್ಕದ ಗೋಡೆಗೆ ಮುಳ್ಳು ಚುಚ್ಚಿದ್ದರೆ ರಿಪೇರಿ ಇಲ್ಲ, ಟೈರೇ ಬದಲಿಸಬೇಕು. ಬೇಲಿ ಕಡಿದು ದಾರಿಗೆ ಒಗೆದ ದಿನಗಳಲ್ಲಿ ಇಳಿದು ನೋಡಿ ಮುಂದೆ ಹೋಗುವುದೇ ಅಗ್ಗ.

ಹಾಕಿಸಿದ ಮೇಲೆ

ಹವಾ ಎಷ್ಟು ಎಂಬುದು ಟೈರಿನ ಮೇಲಿಲ್ಲ, ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯ ಮೇಲಿದೆ. ಟೈರಿನ ಮೇಲಿರುವುದು ಅದು ತಡೆಯುವ ಗರಿಷ್ಠ ಅಂಕಿ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಅಳೆಯಿರಿ. ಬಿಸಿ ಏರಿದಂತೆ ಪ್ರತಿ ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ಮಧ್ಯಾಹ್ನ ಸೊಲ್ಲಾಪುರದಿಂದ ಬಂದು ನಿಂತ ಗಾಡಿಯಲ್ಲಿ ನಾಲ್ಕೈದು ಹೆಚ್ಚು ಕಂಡರೆ ಅದು ಸಹಜ, ಇಳಿಸಬೇಡಿ. ಬಿಸಿಲಿಗೆ ಟೈರ್ ಸಿಡಿಯುವುದು ಹವಾ ಹೆಚ್ಚಾಗಿ ಎಂದು ಜನ ನಂಬುತ್ತಾರೆ. ಬಹಳ ಸಲ ಕಡಿಮೆಯಾಗಿ, ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಡಿಯುತ್ತದೆ. ಸಡಿಲ ಗರಸಿನಲ್ಲಿ ಹಿಡಿತಕ್ಕೆಂದು ಹವಾ ಇಳಿಸಿದ್ದರೆ ಡಾಂಬರಿಗೆ ಏರುವ ಮೊದಲೇ ತುಂಬಿಸಿ. 12 ವೋಲ್ಟಿನ ಸಣ್ಣ ಪಂಪು ಗಾಡಿಯಲ್ಲಿರಲಿ.

ಎರಡೇ ಟೈರ್ ಬದಲಿಸುವುದಾದರೆ ಹೊಸವು ಹಿಂದಕ್ಕೆ, ಮುಂದಿನ ಚಕ್ರ ಎಳೆಯುವ ಗಾಡಿಯಾದರೂ. ಮಳೆಯಲ್ಲಿ ಹಿಂಬದಿ ಜಾರಿದರೆ ಸಾಮಾನ್ಯ ಚಾಲಕನ ಕೈಗೆ ಗಾಡಿ ಸಿಗುವುದಿಲ್ಲ. ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಹಾಕಿಸಿ 50-100 ಕಿ.ಮೀ. ಓಡಿದ ಮೇಲೆ ನಟ್ಟು ಮತ್ತೆ ಬಿಗಿಸಿ, ಎಂಟು-ಹತ್ತು ಸಾವಿರಕ್ಕೊಮ್ಮೆ ಹಿಂದೆ-ಮುಂದೆ ಮಾಡಿಸಿ. ಎಟಿಯಲ್ಲಿ ಇದನ್ನು ತಪ್ಪಿಸಿದರೆ ಹಲ್ಲು ಒಂದು ಅಂಚಿಗೆ ಸವೆದು ಸದ್ದು ಶುರುವಾಗುತ್ತದೆ. ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ಮಳೆಗಾಲಕ್ಕೆ 3 ಮಿ.ಮೀ. ಉಳಿದಾಗಲೇ ಹೊಸದರ ಯೋಚನೆ ಮಾಡಿ.

ರಾಡಿಯಲ್ಲಿ ಸಿಕ್ಕಿಬಿದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ ಬಂದ್ ಮಾಡಿ ನೋಡಿ. ಚಕ್ರ ತುಸು ಜೋರಾಗಿ ತಿರುಗಿದರೆ ಹಲ್ಲಿನ ಮಣ್ಣು ಸಿಡಿದು ಹೋಗಬಹುದು. ಹೋಗದಿದ್ದರೆ ನಿಲ್ಲಿಸಿಬಿಡಿ, ಎಕ್ಸಲರೇಟರ್ ಒತ್ತಿದಷ್ಟೂ ತಗ್ಗು ಆಳವಾಗುತ್ತದೆ. ಹೊರಬಂದ ಮೇಲೆ ಹೆದ್ದಾರಿಯಲ್ಲಿ 80ಕ್ಕೆ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಅಂಗಡಿಗೆ ಓಡುವ ಮೊದಲು ಚಕ್ರದ ಒಳಬದಿಗೆ ಕೈ ಹಾಕಿ. ಒಣಗಿದ ಎರಿ ಹೆಂಟೆ ರಿಮ್ಮಿಗೆ ಕಲ್ಲಿನಂತೆ ಅಂಟಿರುತ್ತದೆ, ನಡುಕ ಅದರದೇ. ನಾನು ಮೊದಲ ಸಲ ಇದಕ್ಕೇ ದುಡ್ಡು ಕೊಟ್ಟು ಬ್ಯಾಲೆನ್ಸಿಂಗ್ ಮಾಡಿಸಿ, ಮರುದಿನ ಮಣ್ಣು ಉದುರಿದ ಮೇಲೆ ಮತ್ತೆ ಮಾಡಿಸಿದೆ. ಈಗ ಸ್ಟೆಪ್ನಿ ಪಕ್ಕದಲ್ಲಿ ಕಳೆ ಕೀಳುವ ಕುರ್ಪಿಯೊಂದು ಇರುತ್ತದೆ. ಟೈರಿನ ಸಂದಿಯ ಎರಿ ಕೆರೆಯಲು ಅದಕ್ಕಿಂತ ಒಳ್ಳೆಯ ಹತಾರ ನನಗಂತೂ ಸಿಕ್ಕಿಲ್ಲ.